ಫೈಲ್‌ನಲ್ಲಿ ಸರಿಯಾಗೇ ಇದೆ, ಆ್ಯಪ್ ಮಾತ್ರ ಕೇಳುತ್ತಿಲ್ಲ: ಕಾನ್ಫಿಗ್ ದೋಷ ಹಿಡಿಯುವ ಬಗೆ

ಕಂಪ್ಲೇಂಟ್ ಬರುವುದು ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ. "ಗುರು, ಫೈಲ್‌ನಲ್ಲಿ ಹೊಸ ಡೇಟಾಬೇಸ್ ಹೋಸ್ಟ್ ಹಾಕಿದೀನಿ, ಆ್ಯಪ್ ಇನ್ನೂ ಹಳೇದಕ್ಕೇ ಹೋಗ್ತಿದೆ." ಹಿಂದೆಯೇ ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ಫೈಲ್ ನಿಜಕ್ಕೂ ಸರಿಯಾಗಿರುತ್ತದೆ. ಅದನ್ನೇ ಮತ್ತೆ ಮತ್ತೆ ತೆರೆದು ದಿಟ್ಟಿಸುವುದರಲ್ಲಿ ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಆಫೀಸುಗಳಲ್ಲಿ ಎಷ್ಟು ಮಧ್ಯಾಹ್ನ ಕಳೆದಿವೆಯೋ ಲೆಕ್ಕವಿಟ್ಟವರಿಲ್ಲ.

ಓಡುತ್ತಿರುವ ಪ್ರೋಸೆಸ್‌ನ, ಅಂದರೆ ಈಗ ನಡೆಯುತ್ತಿರುವ ಪ್ರೋಗ್ರಾಂನ, ಕೈಯಲ್ಲಿ ಈಗ ಯಾವ ವ್ಯಾಲ್ಯೂ ಇದೆ? ಅದನ್ನು ಅಲ್ಲಿ ಇಟ್ಟವರು ಯಾರು? ಈ ಎರಡಕ್ಕೆ ಉತ್ತರ ಸಿಗುವ ತನಕ ಯಾವ ಫೈಲನ್ನೂ ತಿದ್ದಬೇಡಿ. ಸಿಕ್ಕಸಿಕ್ಕ ಕಡೆ ತಿದ್ದುತ್ತಾ ಹೋದರೆ ಕೊನೆಗೆ ಯಾವುದೋ ಒಂದು ಕೆಲಸ ಮಾಡಿಬಿಡುತ್ತದೆ, ಯಾವುದರಿಂದ ಆಯಿತು ಅಂತ ಮಾತ್ರ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಅದೇ ತೊಂದರೆ ಇನ್ನೊಬ್ಬರ ತಲೆಗೆ ಬರುತ್ತದೆ.

ಎನ್ವಿರಾನ್ಮೆಂಟ್ ವೇರಿಯಬಲ್ (ಚಿಕ್ಕದಾಗಿ ಎನ್ವ್), ಅಂದರೆ ಪ್ರೋಗ್ರಾಂ ಶುರುವಾಗುವಾಗ ಹೊರಗಿನಿಂದ ಅದಕ್ಕೆ ಕೊಡುವ ಹೆಸರು-ವ್ಯಾಲ್ಯೂ ಜೋಡಿ, ಹೊಸ ವಿಷಯವಲ್ಲ, 1979ರ ಯುನಿಕ್ಸ್ ಏಳನೇ ಆವೃತ್ತಿಯಿಂದ ಇದೆ. 2011ರಲ್ಲಿ ಹೆರೋಕು ಎಂಬ ಕ್ಲೌಡ್ ಕಂಪನಿಯ ಕಡೆಯಿಂದ ಬಂದ ಟ್ವೆಲ್ವ್ ಫ್ಯಾಕ್ಟರ್ ಆ್ಯಪ್ ಎಂಬ ಸೂತ್ರಗಳು ಕಾನ್ಫಿಗ್ (ಆ್ಯಪ್‌ನ ಸೆಟ್ಟಿಂಗ್‌ಗಳು) ಅನ್ನು ಕೋಡ್‌ನಿಂದ ಬಿಡಿಸಿ ಎನ್ವಿರಾನ್ಮೆಂಟ್‌ನಲ್ಲಿ ಇಡಿ ಅಂದವು. ನಾವು ಅದನ್ನು ಅರ್ಧ ಕೇಳಿದೆವು. ಎನ್ವಿರಾನ್ಮೆಂಟ್ ತಂದೆವು, ಫೈಲನ್ನೂ ಬಿಡಲಿಲ್ಲ. ಈಗ ಒಂದೇ ಸೆಟ್ಟಿಂಗ್ ಕೋಡ್‌ನ ಡಿಫಾಲ್ಟ್‌ನಲ್ಲಿ, ಯಾಮಲ್ ಫೈಲ್‌ನಲ್ಲಿ (ಸೆಟ್ಟಿಂಗ್ ಬರೆಯುವ ಒಂದು ಪಠ್ಯ ರೂಪ), ಡಾಟ್‌ಎನ್ವ್‌ನಲ್ಲಿ (ಎನ್ವ್ ವೇರಿಯಬಲ್‌ಗಳನ್ನು ಬರೆದಿಡುವ ಫೈಲ್), ಕಂಟೇನರ್‌ನಲ್ಲಿ, ಕಮಾಂಡ್ ಲೈನ್‌ನಲ್ಲಿ, ಎಲ್ಲ ಕಡೆಯೂ ಇರಬಹುದು. ಗಲಾಟೆ ಹುಟ್ಟುವುದು ಅಲ್ಲಿಂದಲೇ. (ವೇರಿಯಬಲ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವು ಇಂಗ್ಲಿಷ್ ದೊಡ್ಡಕ್ಷರದಲ್ಲಿರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ.)

ಮೊದಲು ಪ್ರೋಸೆಸ್‌ನ ಬಾಯಿ ಬಿಡಿಸಿ

ಲಿನಕ್ಸ್‌ನಲ್ಲಿ ಪ್ರಾಕ್ ಡೈರೆಕ್ಟರಿಯೊಳಗೆ ಪ್ರತಿ ಪ್ರೋಸೆಸ್‌ಗೂ ಅದರ ಪಿಐಡಿ (ಪ್ರೋಸೆಸ್‌ನ ಗುರುತಿನ ಸಂಖ್ಯೆ) ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿ ಎನ್ವಿರಾನ್ ಎಂಬ ಫೈಲ್ ಇದೆ. ಪ್ರೋಸೆಸ್ ಶುರುವಾದ ಗಳಿಗೆಯಲ್ಲಿ ಅದರ ಕೈಗೆ ಕೊಟ್ಟ ಎನ್ವ್ ವೇರಿಯಬಲ್‌ಗಳೆಲ್ಲ ಅಲ್ಲಿ ಸಿಗುತ್ತವೆ. ನೇರವಾಗಿ ಕ್ಯಾಟ್ ಮಾಡಿದರೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ, ಯಾಕೆಂದರೆ ನಡುವೆ ಇರುವುದು ಹೊಸ ಸಾಲಲ್ಲ, ನಲ್ ಬೈಟ್. ಟಿಆರ್ ಕಮಾಂಡ್‌ನಿಂದ ನಲ್ ಬೈಟನ್ನು ಹೊಸ ಸಾಲಾಗಿ ಬದಲಿಸಿ, ಬೇಕಾದ ಹೆಸರನ್ನು ಗ್ರೆಪ್ ಮಾಡಿ. ಬೇರೆ ಯೂಸರ್ ಹೆಸರಲ್ಲಿ ಓಡುತ್ತಿದ್ದರೆ ಸುಡೋ ಬೇಕಾಗುತ್ತದೆ.

ಶುರುವಾದ ಗಳಿಗೆ ಅಂದೆನಲ್ಲ, ಅದನ್ನು ಒತ್ತಿ ಓದಿ. ಪ್ರೋಸೆಸ್‌ಗೆ ಸಿಗುವುದು ಒಂದು ನಕಲು. ಆಮೇಲೆ ನೀವು ಶೆಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದು, ಬ್ಯಾಶ್‌ಆರ್‌ಸಿಯಲ್ಲಿ (ಶೆಲ್ ತೆರೆದಾಗ ಓದುವ ಫೈಲ್) ತಿದ್ದಿದ್ದು ಯಾವುದೂ ಅದಕ್ಕೆ ತಲುಪುವುದಿಲ್ಲ. ಲಗ್ನಪತ್ರಿಕೆ ಹಂಚಿದ ಮೇಲೆ ಮುಹೂರ್ತ ಬದಲಾಯಿಸಿದರೆ ನೆಂಟರ ಕೈಯಲ್ಲಿರುವ ಕಾರ್ಡು ತಾನಾಗಿ ಬದಲಾಗುತ್ತದೆಯೇ? ಪ್ರೋಸೆಸ್ ಮತ್ತೆ ಶುರುವಾಗಲೇಬೇಕು.

ಆ ಫೈಲ್ ನೋಡಿದ ಮೇಲೆ ದಾರಿ ಕವಲೊಡೆಯುತ್ತದೆ. ಹಳೆಯ ವ್ಯಾಲ್ಯೂ ಅಲ್ಲೇ ಕೂತಿದ್ದರೆ ಅದು ಹೊರಗಿನಿಂದ ಬಂದದ್ದು, ನಿಮ್ಮ ಯಾಮಲ್ ಫೈಲ್‌ಗೆ ಇದರಲ್ಲಿ ಪಾತ್ರವಿಲ್ಲ. ಪೇರೆಂಟ್ ಪ್ರೋಸೆಸ್‌ನ ಪಿಐಡಿ ಹಿಡಿದು ಅದರ ಎನ್ವಿರಾನ್ ಫೈಲ್ ನೋಡಿ, ಅಲ್ಲೂ ಇದ್ದರೆ ಇನ್ನೊಂದು ಮೆಟ್ಟಿಲು ಹತ್ತಿ. ಎಲ್ಲಿ ಮಾಯವಾಗುತ್ತದೋ ಅದಕ್ಕೂ ಅದರ ಕೆಳಗಿನ ಮೆಟ್ಟಿಲಿಗೂ ನಡುವೆ ಯಾರೋ ಸೇರಿಸಿದ್ದಾರೆ.

ಹೆಸರೇ ಅಲ್ಲಿ ಇಲ್ಲ, ಆದರೂ ಆ್ಯಪ್ ಒಂದು ವ್ಯಾಲ್ಯೂ ಬಳಸುತ್ತಿದೆ ಎಂದಾದರೆ ಅದು ಕಾನ್ಫಿಗ್ ಫೈಲ್‌ನಿಂದಲೋ ಕೋಡ್‌ನ ಡಿಫಾಲ್ಟ್‌ನಿಂದಲೋ ಡಾಟ್‌ಎನ್ವ್ ಲೈಬ್ರರಿಯಿಂದಲೋ ಬಂದಿದೆ. ಡಾಟ್‌ಎನ್ವ್ ತನ್ನ ಕೆಲಸ ಮಾಡುವುದು ಪ್ರೋಸೆಸ್ ಶುರುವಾದ ಮೇಲೆ, ಒಳಗಿನಿಂದ. ಹಾಗಾಗಿ ಅದು ಸೇರಿಸಿದ್ದು ಎನ್ವಿರಾನ್ ಫೈಲ್‌ನಲ್ಲಿ ಕಾಣುವುದಿಲ್ಲ. ಇದನ್ನು ಕೊರತೆ ಅಂದುಕೊಂಡು ಬೈಯುವವರಿದ್ದಾರೆ. ನನಗೆ ಇದೇ ಎನ್ವಿರಾನ್ ಫೈಲ್‌ನ ದೊಡ್ಡ ಉಪಯೋಗ, ಒಳಗಿನದ್ದೋ ಹೊರಗಿನದ್ದೋ ಅಂತ ಒಂದೇ ಏಟಿಗೆ ಗೊತ್ತಾಗಿಬಿಡುತ್ತದೆ.

ಹೊಸ ವ್ಯಾಲ್ಯೂ ಅಲ್ಲಿ ಸರಿಯಾಗಿ ಇದ್ದೂ ಆ್ಯಪ್ ಹಳೆಯದನ್ನೇ ಹಿಡಿದಿದ್ದರೆ ಅದು ಹೆಸರಿನ ತಕರಾರು, ಇಲ್ಲವೇ ಅದಕ್ಕಿಂತ ಮೇಲಿನ ಯಾರದೋ ಮಾತು ನಡೆಯುತ್ತಿದೆ.

ಡಾಕರ್ (ಆ್ಯಪನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಟೂಲ್) ಬಳಸುವವರಿಗೆ ಒಂದು ಎಚ್ಚರಿಕೆ. ಡಾಕರ್ ಎಕ್ಸೆಕ್‌ನಿಂದ ಒಳಗೆ ಹೋಗಿ ಪ್ರಿಂಟ್‌ಎನ್ವ್ ಕೊಟ್ಟರೆ ನಿಮಗೆ ಕಾಣುವುದು ನೀವು ಈಗ ತೆರೆದ ಹೊಸ ಶೆಲ್‌ನ ಎನ್ವಿರಾನ್ಮೆಂಟ್. ಎಂಟ್ರಿಪಾಯಿಂಟ್ ಸ್ಕ್ರಿಪ್ಟ್ (ಕಂಟೇನರ್ ಎದ್ದಾಗ ಮೊದಲು ಓಡುವುದು) ಏನಾದರೂ ಎಕ್ಸ್‌ಪೋರ್ಟ್ ಮಾಡಿ ಆಮೇಲೆ ಆ್ಯಪ್ ಶುರು ಮಾಡಿದ್ದರೆ ಅದು ಇಲ್ಲಿ ಬರುವುದಿಲ್ಲ. ಕಂಟೇನರ್ ಒಳಗೆ ಆ್ಯಪ್‌ನ ಪಿಐಡಿಯ (ಸಾಮಾನ್ಯವಾಗಿ 1) ಎನ್ವಿರಾನ್ ಫೈಲನ್ನೇ ಓದಿ.

ಯಾರ ಮಾತು ನಡೆಯುತ್ತದೆ

ಡಾಟ್‌ಎನ್ವ್ ಫೈಲ್‌ನಲ್ಲಿ ಬರೆದದ್ದೇ ಗೆಲ್ಲುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಉಲ್ಟಾ. ನೋಡ್ ಮತ್ತು ಪೈಥಾನ್ ಎರಡರಲ್ಲೂ ಈ ಲೈಬ್ರರಿಗಳು, ಆ ಹೆಸರಿನ ವೇರಿಯಬಲ್ ಮೊದಲೇ ಇದ್ದರೆ ಅದನ್ನು ಮುಟ್ಟುವುದಿಲ್ಲ. ಓವರ್‌ರೈಡ್ ಆಪ್ಷನ್ ಕೊಟ್ಟರೆ ಮಾತ್ರ ಮೇಲೆ ಬರೆಯುತ್ತವೆ. ಯಾವತ್ತೋ ಟೆಸ್ಟ್ ಮಾಡಲು ಬ್ಯಾಶ್‌ಆರ್‌ಸಿಯಲ್ಲಿ ಹಾಕಿ ಮರೆತ ಡಿಬಿ_ಹೋಸ್ಟ್ ಒಂದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ವಿಚಿತ್ರವಾಗಿ ಆಡುವುದು ಇದೇ ಕಾರಣಕ್ಕೆ. ಪಕ್ಕದ ಸೀಟಿನವರ ಮಷಿನ್‌ನಲ್ಲಿ ಅದೇ ಕೋಡ್, ಅದೇ ಫೈಲ್ ಸರಿಯಾಗಿ ಓಡುತ್ತದೆ.

ಜಾವಾದ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್‌ನಲ್ಲಿ ಕಮಾಂಡ್ ಲೈನ್ ಆರ್ಗ್ಯುಮೆಂಟ್ ಎಲ್ಲಕ್ಕಿಂತ ಮೇಲೆ, ಆಮೇಲೆ ಜೆವಿಎಂಗೆ ಕೊಟ್ಟ ಸಿಸ್ಟಮ್ ಪ್ರಾಪರ್ಟಿ, ಅದಾದ ಮೇಲೆ ಎನ್ವ್ ವೇರಿಯಬಲ್, ಅದಕ್ಕೂ ಕೆಳಗೆ ಫೈಲ್‌ಗಳು. ನಡುವೆ ಇನ್ನೂ ಕೆಲವಿವೆ, ಆದರೆ ಜಗಳ ಆಗುವುದು ಈ ನಾಲ್ಕರ ನಡುವೆ. ಒಂದೇ ಫೋಲ್ಡರ್‌ನಲ್ಲಿ ಪ್ರಾಪರ್ಟೀಸ್ ಫೈಲೂ ಯಾಮಲ್ ಫೈಲೂ ಇದ್ದರೆ ಪ್ರಾಪರ್ಟೀಸ್ ಗೆಲ್ಲುತ್ತದೆ. ಹಳೆಯ ಪ್ರಾಜೆಕ್ಟನ್ನು ಯಾಮಲ್‌ಗೆ ಬದಲಾಯಿಸಿ, ಪ್ರಾಪರ್ಟೀಸ್ ಫೈಲ್ ಅಳಿಸದೇ ಬಿಟ್ಟವರು ಇದನ್ನು ಅನುಭವಿಸಿಯೇ ಕಲಿಯುತ್ತಾರೆ. ಸ್ಪ್ರಿಂಗ್ ಬೂಟ್‌ನ ನಿಗಾ ಭಾಗವಾದ ಆಕ್ಚುಯೇಟರ್‌ನ ಎನ್ವ್ ಎಂಡ್‌ಪಾಯಿಂಟ್ ತೆರೆದಿದ್ದರೆ ಯಾವ ವ್ಯಾಲ್ಯೂ ಯಾವ ಮೂಲದಿಂದ ಬಂತು ಅಂತ ಅದೇ ಹೇಳುತ್ತದೆ. ಸ್ಪ್ರಿಂಗ್ ಬೂಟ್ 3.0 ಆವೃತ್ತಿಯಿಂದ ಡಿಫಾಲ್ಟ್ ಆಗಿ ವ್ಯಾಲ್ಯೂ ಜಾಗದಲ್ಲಿ ಬರೀ ನಕ್ಷತ್ರ ಬರುತ್ತದೆ, ಮೂಲದ ಹೆಸರು ಕಾಣುತ್ತದೆ. ಹುಡುಕಾಟಕ್ಕೆ ಅಷ್ಟು ಸಾಕು.

ಹೆಸರು ಹೊಂದಿಸುವ ನಿಯಮ ಪ್ರತಿ ಫ್ರೇಮ್‌ವರ್ಕ್‌ಗೂ ಬೇರೆ. ಸ್ಪ್ರಿಂಗ್‌ನಲ್ಲಿ ಚುಕ್ಕಿ ಇದ್ದಲ್ಲಿ ಅಂಡರ್‌ಸ್ಕೋರ್, ಡ್ಯಾಶ್ ಇದ್ದರೆ ತೆಗೆದುಬಿಡಿ. ಡಾಟ್‌ನೆಟ್‌ನಲ್ಲಿ ಒಳಗಿನ ಹಂತಕ್ಕೆ ಎರಡು ಅಂಡರ್‌ಸ್ಕೋರ್, ಒಂದೇ ಹಾಕಿದರೆ ಅದು ಬೇರೆಯೇ ಹೆಸರು. ಗೋ ಭಾಷೆಯ ವೈಪರ್‌ನಲ್ಲಿ ಚುಕ್ಕಿಯನ್ನು ಅಂಡರ್‌ಸ್ಕೋರ್ ಮಾಡುವ ರಿಪ್ಲೇಸರ್ ಅನ್ನು ನೀವೇ ಕೊಡಬೇಕು. ಯಾರೂ ಎರರ್ ಕೊಡುವುದಿಲ್ಲ, ಹೊಂದದ ಹೆಸರನ್ನು ಸುಮ್ಮನೆ ಕಡೆಗಣಿಸುತ್ತಾರೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಸಿಟ್ಟು ಬರಿಸುವ ಗುಣ ಇದೇ.

ಹಲವು ಕಂಟೇನರ್‌ಗಳನ್ನು ಒಂದೇ ಫೈಲ್‌ನಿಂದ ಎಬ್ಬಿಸುವ ಡಾಕರ್ ಕಂಪೋಸ್‌ನಲ್ಲಿ ಕಂಪೋಸ್ ಫೈಲ್ ಪಕ್ಕದಲ್ಲಿಡುವ ಡಾಟ್‌ಎನ್ವ್ ಫೈಲ್ ಇರುವುದು ಆ ಕಂಪೋಸ್ ಫೈಲ್‌ನೊಳಗಿನ ಡಾಲರ್ ಗುರುತಿನ ಜಾಗಗಳನ್ನು ತುಂಬಲು. ಅದರಲ್ಲಿ ಬರೆದ ಮಾತ್ರಕ್ಕೆ ಕಂಟೇನರ್ ಒಳಗೆ ಏನೂ ಹೋಗುವುದಿಲ್ಲ. ಒಳಗೆ ಹೋಗಬೇಕೆಂದರೆ ಎನ್ವಿರಾನ್ಮೆಂಟ್ ಅಥವಾ ಎನ್ವ್_ಫೈಲ್ ಎಂಬ ಕೀ ಬೇಕು. ಎರಡರಲ್ಲೂ ಒಂದೇ ಹೆಸರಿದ್ದರೆ ಎನ್ವಿರಾನ್ಮೆಂಟ್‌ನದ್ದು ಗೆಲ್ಲುತ್ತದೆ. ಕಂಪೋಸ್‌ಗೆ ಕಾನ್ಫಿಗ್ ಎಂಬ ಸಬ್‌ಕಮಾಂಡ್ ಇದೆ. ಎಲ್ಲ ತುಂಬಿದ ಮೇಲೆ ಕೊನೆಗೆ ಏನಾಯಿತು ಅಂತ ಅದು ಮುದ್ರಿಸಿ ತೋರಿಸುತ್ತದೆ. ಇನ್ನೊಂದು ವಿಷಯ, ಎನ್ವ್ ಫೈಲ್ ತಿದ್ದಿ ರೀಸ್ಟಾರ್ಟ್ ಕೊಟ್ಟರೆ ಹಳೆಯ ಕಂಟೇನರೇ ಎದ್ದು ಬರುತ್ತದೆ, ಹಳೆಯ ವ್ಯಾಲ್ಯೂ ಸಮೇತ. ಅಪ್ ಕಮಾಂಡ್ ಕೊಟ್ಟು ಕಂಟೇನರ್ ಹೊಸದಾಗಿ ಹುಟ್ಟುವಂತೆ ಮಾಡಿ.

ಕುಬರ್ನೆಟಿಸ್ ತಾನಾಗಿ ತುರುಕುವ ಹೆಸರುಗಳು

ಕುಬರ್ನೆಟಿಸ್ ಅಂದರೆ ಕಂಟೇನರ್‌ಗಳನ್ನು ಪಾಡ್ ಎಂಬ ಘಟಕಗಳಲ್ಲಿ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ. ಅದರ ಮೇಲೆ ಓಡುವ ಒಂದು ಪೈಥಾನ್ ಆ್ಯಪ್. ಯಾಮಲ್‌ನಲ್ಲಿ ರೆಡಿಸ್ (ಒಂದು ಡೇಟಾಬೇಸ್) ಪೋರ್ಟ್ 6379 ಅಂತ ಇದೆ, ಎನ್ವ್‌ನಲ್ಲಿ ರೆಡಿಸ್_ಪೋರ್ಟ್ ಇದ್ದರೆ ಅದು ಯಾಮಲ್‌ನ ಮೇಲೆ ಕೂರುತ್ತದೆ. ಡಿಪ್ಲಾಯ್‌ಮೆಂಟ್ ಫೈಲ್‌ನಲ್ಲಿ ಯಾರೂ ರೆಡಿಸ್_ಪೋರ್ಟ್ ಕೊಟ್ಟಿಲ್ಲ. ಬೆಳಿಗ್ಗೆಯಿಂದ ಚೆನ್ನಾಗಿ ಓಡುತ್ತಿತ್ತು. ಸಂಜೆ ಪಾಡ್ ಒಂದು ಸತ್ತು ಮತ್ತೆ ಎದ್ದಿತು. ಎದ್ದದ್ದೇ ತಡ, ಟಿಸಿಪಿ://10.96.14.7:6379 ಎಂಬುದನ್ನು ಇಂಟಿಜರ್ ಮಾಡಲು ಆಗಲಿಲ್ಲ ಅಂತ ಕ್ರ್ಯಾಶ್. ಅಷ್ಟು ಉದ್ದದ ಪೋರ್ಟನ್ನು ಬರೆದವರು ಯಾರು ಅಂತ ಗಿಟ್‌ನಲ್ಲಿ ಎಲ್ಲ ಹುಡುಕಿದರೂ ಸಿಗುವುದಿಲ್ಲ.

ಬರೆದದ್ದು ಕುಬರ್ನೆಟಿಸ್. ಒಂದು ನೇಮ್‌ಸ್ಪೇಸ್‌ನಲ್ಲಿ ರೆಡಿಸ್ ಎಂಬ ಹೆಸರಿನ ಸರ್ವಿಸ್ (ಪಾಡ್‌ಗಳನ್ನು ತಲುಪುವ ಸ್ಥಿರ ವಿಳಾಸ) ಇದ್ದರೆ, ಆಮೇಲೆ ಅಲ್ಲಿ ಹುಟ್ಟುವ ಪ್ರತಿ ಪಾಡ್‌ಗೂ ರೆಡಿಸ್_ಸರ್ವಿಸ್_ಹೋಸ್ಟ್, ರೆಡಿಸ್_ಸರ್ವಿಸ್_ಪೋರ್ಟ್, ಜೊತೆಗೆ ರೆಡಿಸ್_ಪೋರ್ಟ್ ಎಂಬ ವೇರಿಯಬಲ್‌ಗಳನ್ನು ಅದು ತಾನಾಗಿ ಸೇರಿಸುತ್ತದೆ. ಕೊನೆಯದರಲ್ಲಿ ಬರೀ ನಂಬರ್ ಅಲ್ಲ, ಇಡೀ ವಿಳಾಸ ಇರುತ್ತದೆ. ಹಳೆಯ ಡಾಕರ್ ಲಿಂಕ್‌ಗಳ ಕಾಲದ ಪದ್ಧತಿ ಇದು. ಸರ್ವಿಸ್‌ಗಿಂತ ಮೊದಲೇ ಹುಟ್ಟಿದ ಪಾಡ್‌ಗೆ ಇವು ಸಿಗುವುದಿಲ್ಲ. ಇಲ್ಲಿ ರೆಡಿಸ್ ಸರ್ವಿಸ್ ಹುಟ್ಟಿದ್ದು ಬೆಳಗಿನ ಪಾಡ್ ಆದ ಮೇಲೆ. ಅದಕ್ಕೇ ಬೆಳಿಗ್ಗೆ ಸರಿಯಿದ್ದದ್ದು ಸಂಜೆ ಕೆಟ್ಟಿತು. ಪಾಡ್ ಸ್ಪೆಕ್‌ನಲ್ಲಿ ಎನೇಬಲ್ ಸರ್ವಿಸ್ ಲಿಂಕ್ಸ್ ಎಂಬುದನ್ನು ಫಾಲ್ಸ್ ಮಾಡಿ, ಇಲ್ಲವೇ ನಿಮ್ಮ ವೇರಿಯಬಲ್‌ಗಳಿಗೆ ಆ್ಯಪ್ ಹೆಸರಿನ ಪ್ರಿಫಿಕ್ಸ್ ಇಡಿ. ನಾನಾದರೆ ಎರಡನ್ನೂ ಮಾಡುತ್ತೇನೆ. ಸ್ಪೆಕ್‌ನಲ್ಲಿ ನೀವೇ ರೆಡಿಸ್_ಪೋರ್ಟ್ ಬರೆದರೆ ನಿಮ್ಮದೇ ಗೆಲ್ಲುತ್ತದೆ, ಅದೂ ಒಂದು ದಾರಿ.

ಕಾನ್ಫಿಗ್‌ಮ್ಯಾಪ್ (ಕುಬರ್ನೆಟಿಸ್‌ನಲ್ಲಿ ಸೆಟ್ಟಿಂಗ್ ಇಡುವ ಜಾಗ) ತಿದ್ದಿದ್ದು ಕಾಣಿಸುತ್ತಿಲ್ಲ ಅನ್ನುವವರಿಗೆ: ಎನ್ವ್ ಆಗಿ ಕೊಟ್ಟಿದ್ದರೆ ಪಾಡ್ ಹೊಸದಾಗಿ ಬರುವ ತನಕ ಹಳೆಯದೇ. ವಾಲ್ಯೂಮ್ ಆಗಿ ಮೌಂಟ್ ಮಾಡಿದ್ದರೆ ಸ್ವಲ್ಪ ಹೊತ್ತಿನಲ್ಲಿ ಫೈಲ್ ಬದಲಾಗುತ್ತದೆ, ಆದರೆ ಸಬ್‌ಪಾತ್ ಬಳಸಿದ್ದರೆ ಬದಲಾಗುವುದಿಲ್ಲ. ಸೀಕ್ರೆಟ್ ಅನ್ನು ಬೇಸ್64 ಮಾಡುವಾಗ ಎಕೋಗೆ ಎನ್ ಆಪ್ಷನ್ ಕೊಡದಿದ್ದರೆ ಪಾಸ್‌ವರ್ಡ್‌ನ ಬಾಲಕ್ಕೆ ಒಂದು ಹೊಸ ಸಾಲು ಅಂಟಿಕೊಳ್ಳುತ್ತದೆ. ಆಥೆಂಟಿಕೇಷನ್ ಫೇಲ್ ಆಗುತ್ತದೆ, ಕಣ್ಣಿಗೆ ಪಾಸ್‌ವರ್ಡ್ ಸರಿಯಾಗೇ ಕಾಣುತ್ತದೆ.

ಹೈದರಾಬಾದಿಗೆ ಹೋದ ಮೇಲೆ ಕಾಣಿಸಿದ ಬಗ್

ವ್ಯಾಲ್ಯೂ ಸರಿಯಾದ ಜಾಗದಿಂದಲೇ ಬಂದಿದೆ, ಆದರೂ ತಪ್ಪು ಅನ್ನುವ ಜಾತಿಯ ದೋಷ ಇದು. ಬೆಂಗಳೂರಿನ ತಂಡಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಊರೂರಿನ ಕಸ್ಟಮರ್ ಕೇರ್ ನಂಬರ್ ತೋರಿಸುವ ಒಂದು ಆ್ಯಪ್ ಅಂದುಕೊಳ್ಳಿ. ಯಾಮಲ್‌ನಲ್ಲಿ ಎಸ್‌ಟಿಡಿ ಕೋಡ್‌ಗಳು, ಕೊಟೇಶನ್ ಗುರುತು ಇಲ್ಲದೆ:

ಬೆಂಗಳೂರು: 080
ಮೈಸೂರು: 0821
ಮಂಗಳೂರು: 0824
ಹುಬ್ಬಳ್ಳಿ: 0836

ಓದುವುದು ಪೈಥಾನ್‌ನ ಪೈಯಾಮಲ್ ಲೈಬ್ರರಿ. ನಾಲ್ಕೂ ಊರಲ್ಲಿ ಎಲ್ಲ ಸರಿ, ಟೆಸ್ಟ್‌ಗಳೂ ಹಸಿರು. ಆಮೇಲೆ ಹೈದರಾಬಾದ್ 040, ಚೆನ್ನೈ 044 ಸೇರಿಸುತ್ತಾರೆ. ಪರದೆ ಮೇಲೆ ಹೈದರಾಬಾದ್ ಕೋಡ್ 32, ಚೆನ್ನೈ ಕೋಡ್ 36 ಅಂತ ಬರುತ್ತದೆ. ಮುಂಬೈನ 022 ಹಾಕಿದರೆ 18, ದೆಹಲಿಯ 011 ಹಾಕಿದರೆ 9.

ಪೈಯಾಮಲ್ ಪಾಲಿಸುವುದು ಯಾಮಲ್ 1.1 ನಿಯಮವನ್ನು. ಸೊನ್ನೆಯಿಂದ ಶುರುವಾಗಿ ಎಲ್ಲ ಅಂಕಿಗಳೂ 0ರಿಂದ 7ರೊಳಗೆ ಇದ್ದರೆ ಅದು ಅಷ್ಟಮಾನ ಸಂಖ್ಯೆ ಎಂದು ಅದರ ಲೆಕ್ಕ. 040 ಅಂದರೆ ನಾಲ್ಕು ಎಂಟಲಿ ಮೂವತ್ತೆರಡು. 080ರಲ್ಲಿ 8 ಇದೆ, ಅಷ್ಟಮಾನದಲ್ಲಿ 8 ಎಂಬ ಅಂಕಿಯೇ ಇಲ್ಲ, ಹಾಗಾಗಿ ಅದು ಸಂಖ್ಯೆಯಲ್ಲ ಅಂತ ಸ್ಟ್ರಿಂಗ್ ಆಗಿ ಉಳಿಯಿತು. ಕರ್ನಾಟಕದ ಎಸ್‌ಟಿಡಿ ಕೋಡ್‌ಗಳೆಲ್ಲ 08ರಿಂದಲೇ ಶುರುವಾಗುವುದರಿಂದ ರಾಜ್ಯದೊಳಗೆ ಎಷ್ಟು ಊರು ಸೇರಿಸಿ ಟೆಸ್ಟ್ ಮಾಡಿದರೂ ಈ ಬಗ್ ಸಿಗುವುದಿಲ್ಲ. 2009ರಲ್ಲಿ ಬಂದ ಯಾಮಲ್ 1.2ರಲ್ಲಿ ಈ ಅಷ್ಟಮಾನದ ನಿಯಮ ಬದಲಾಗಿದೆ, ಅಲ್ಲಿ 040 ಬರೀ 40 ಆಗಿ ಸೊನ್ನೆ ಉದುರುತ್ತದೆ. ನಿಮ್ಮ ಲೈಬ್ರರಿ ಯಾವುದನ್ನು ಪಾಲಿಸುತ್ತದೆ ಅಂತ ತಲೆ ಕೆಡಿಸಿಕೊಳ್ಳುವ ಬದಲು ಕೋಡ್‌ಗಳಿಗೆಲ್ಲ ಕೊಟೇಶನ್ ಹಾಕಿಬಿಡಿ.

ಅಂಗಡಿಯ ಸಮಯದಲ್ಲೂ ಇದೇ ಕಥೆ. ಬಾಗಿಲು ತೆಗೆಯುವ ಸಮಯ 09:30 ಸ್ಟ್ರಿಂಗ್ ಆಗಿಯೇ ಬರುತ್ತದೆ. ಮುಚ್ಚುವ ಸಮಯ 21:30 ಮಾತ್ರ 1290 ಆಗುತ್ತದೆ, ಯಾಕೆಂದರೆ 1.1ರಲ್ಲಿ ಅರವತ್ತರ ಲೆಕ್ಕದ ಸಂಖ್ಯೆಯೂ ಇದೆ: 21 ಗುಣಿಸು 60, ಕೂಡಿಸು 30. ಮುಂದೆ ಸೊನ್ನೆ ಇದ್ದರೆ ಆ ನಿಯಮ ಅನ್ವಯಿಸುವುದಿಲ್ಲ. ನೋ ಅಂತ ಬರೆದರೆ ಫಾಲ್ಸ್ ಆಗುವುದು ಎಲ್ಲರಿಗೂ ಗೊತ್ತಿರುವ ಹಳೇ ಕಥೆ.

ಎನ್ವ್ ವೇರಿಯಬಲ್‌ನ ಕಡೆ ತೊಂದರೆ ಇದರ ವಿರುದ್ಧ ದಿಕ್ಕಿನದ್ದು. ಅಲ್ಲಿ ಎಲ್ಲವೂ ಸ್ಟ್ರಿಂಗ್. 040 ಅಲ್ಲಿ 040 ಆಗಿಯೇ ಇರುತ್ತದೆ, ಹಾಗಾಗಿ ಎನ್ವ್‌ನಿಂದ ಕೊಟ್ಟವರ ಮಷಿನ್‌ನಲ್ಲಿ ಮೇಲಿನ ಬಗ್ ಬರುವುದೇ ಇಲ್ಲ. ಆದರೆ ಡೀಬಗ್=ಫಾಲ್ಸ್ ಅಂತ ಕೊಟ್ಟು, ಪೈಥಾನ್‌ನಲ್ಲಿ ಅದಕ್ಕೆ ನೇರ ಬೂಲ್ ಹಾಕಿದರೆ ಸಿಗುವುದು ಟ್ರೂ. ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಟ್ರೂ ತಾನೇ. ಜಾವಾಸ್ಕ್ರಿಪ್ಟ್‌ನಲ್ಲೂ ಹೀಗೆಯೇ. ಪ್ರೊಡಕ್ಷನ್‌ನಲ್ಲಿ ಡೀಬಗ್ ಲಾಗ್ ಸುರಿಯುತ್ತಿದ್ದರೆ ಮೊದಲು ಇದನ್ನು ನೋಡಿ. ಹಾಗೆಯೇ, ವೇರಿಯಬಲ್ ಇಲ್ಲದಿರುವುದು ಬೇರೆ, ಖಾಲಿಯಾಗಿರುವುದು ಬೇರೆ. ಸಿಐ ಪೈಪ್‌ಲೈನ್ (ಕೋಡನ್ನು ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ) ಖಾಲಿ ವ್ಯಾಲ್ಯೂ ಕಳಿಸಿದರೆ ನಿಮ್ಮ ಡಿಫಾಲ್ಟ್ ಕೆಲಸಕ್ಕೆ ಬರುವುದಿಲ್ಲ.

ಕಣ್ಣಿಗೆ ಕಾಣದ ಅಕ್ಷರಗಳು

ಎರಡು ವ್ಯಾಲ್ಯೂ ಪಕ್ಕಪಕ್ಕ ಇಟ್ಟರೆ ಒಂದೇ ಥರ ಕಾಣುತ್ತವೆ, ಕೋಡ್ ಮಾತ್ರ ಬೇರೆ ಅನ್ನುತ್ತದೆ. ಆಗ ಕ್ಯಾಟ್‌ಗೆ ದೊಡ್ಡಕ್ಷರದ ಎ ಆಪ್ಷನ್ ಕೊಡಿ, ಇಲ್ಲವೇ ಒಡಿ ಕಮಾಂಡ್‌ನಲ್ಲಿ ಬೈಟ್‌ಗಳನ್ನೇ ನೋಡಿ.

ಸಾಮಾನ್ಯ ಅಪರಾಧಿ ವಿಂಡೋಸ್‌ನ ಸಾಲಿನ ಕೊನೆ. ಹೋಸ್ಟ್ ಹೆಸರಿನ ತುದಿಯಲ್ಲಿ ಒಂದು ಕ್ಯಾರೇಜ್ ರಿಟರ್ನ್ ಉಳಿದು, ಹೋಸ್ಟ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಲಾಗ್‌ನಲ್ಲಿ ಆ ಸಾಲಿನ ಮೊದಲ ಭಾಗದ ಮೇಲೆ ಬೇರೇನೋ ಬರೆದಂತೆ ಕಂಡರೆ ಇದೇ ಅಂತ ತಿಳಿಯಿರಿ. ಫೈಲ್‌ನ ಮೊದಲ ಕೀ ಮಾತ್ರ ಸಿಗುತ್ತಿಲ್ಲ, ಉಳಿದದ್ದೆಲ್ಲ ಸರಿ ಎಂದಾದರೆ ಅದು ಬಾಮ್, ಫೈಲ್‌ನ ತಲೆಯಲ್ಲಿ ಎಡಿಟರ್ ಇಟ್ಟ ಗುರುತು. ವಾಟ್ಸ್ಆ್ಯಪ್, ವರ್ಡ್‌ಗಳಿಂದ ಕಾಪಿ ಮಾಡಿದರೆ ಕೊಟೇಶನ್ ಗುರುತು ಸೊಟ್ಟಗಾಗಿ ಬರುವುದುಂಟು. ನೆಟ್ಟಗಿನ ಕೊಟೇಶನ್‌ಗೂ ಒಂದು ಕಿತಾಪತಿ ಇದೆ. ಡಾಕರ್ ರನ್‌ಗೆ ಎನ್ವ್ ಫೈಲ್ ಕೊಟ್ಟರೆ ಅದು ಕೊಟೇಶನ್ ಅನ್ನು ವ್ಯಾಲ್ಯೂನ ಭಾಗ ಅಂತಲೇ ಇಟ್ಟುಕೊಳ್ಳುತ್ತದೆ, ಕಂಪೋಸ್ ಅದೇ ಫೈಲ್ ಓದಿದರೆ ತೆಗೆದುಹಾಕುತ್ತದೆ.

ನಮ್ಮದೇ ಲಿಪಿಯ ಸಮಸ್ಯೆಯೂ ಇದೆ. ಪಿಕಪ್ ಪಾಯಿಂಟ್‌ಗಳ ಕನ್ನಡ ಹೆಸರು ಕಾನ್ಫಿಗ್‌ನಲ್ಲಿದೆ ಎನ್ನಿ. ಯಾರೋ ಮೇಲ್‌ನಲ್ಲಿ "ಸಿಲ್ಕ್ ಬೋರ್ಡ್‌ನಲ್ಲಿ" ಅಂತ ಬರೆದಿದ್ದರಿಂದ "ಸಿಲ್ಕ್ ಬೋರ್ಡ್" ಅಷ್ಟನ್ನು ಕತ್ತರಿಸಿ ಅಂಟಿಸುತ್ತೀರಿ. ಪ್ರತ್ಯಯ ಒತ್ತಕ್ಷರವಾಗದಿರಲಿ ಅಂತ ಟೈಪ್ ಮಾಡಿದವರು ನಡುವೆ ಹಾಕಿದ್ದ ಝೀರೋ ವಿಡ್ತ್ ನಾನ್ ಜಾಯ್ನರ್ ಕೂಡ ಬಾಲಕ್ಕೆ ಅಂಟಿ ಬರುತ್ತದೆ. ಅಗಲವಿಲ್ಲದ ಅಕ್ಷರ, ಆದರೆ ಯುಟಿಎಫ್-8ರಲ್ಲಿ ಮೂರು ಬೈಟ್. ಹೆಸರು ಡೇಟಾಬೇಸ್‌ನದ್ದಕ್ಕೆ ಹೊಂದುವುದಿಲ್ಲ. ಟ್ರಿಮ್ ಮಾಡಿದರೂ ಸಾಮಾನ್ಯವಾಗಿ ಹೋಗುವುದಿಲ್ಲ, ಅದು ಸ್ಪೇಸ್ ಅಲ್ಲವಲ್ಲ.

ಕನ್ನಡ ಎಸ್ಎಂಎಸ್ ಟೆಂಪ್ಲೇಟನ್ನು ಜಾವಾ ಪ್ರಾಪರ್ಟೀಸ್ ಫೈಲ್‌ನಲ್ಲಿ ಇಟ್ಟರೆ, ಇನ್‌ಪುಟ್ ಸ್ಟ್ರೀಮ್‌ನಿಂದ ಓದುವ ಹಳೆಯ ಲೋಡ್ ಮೆಥಡ್ ಅದನ್ನು ಲ್ಯಾಟಿನ್-1 ಎಂದು ಭಾವಿಸುತ್ತದೆ. ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಎ ಅಕ್ಷರ ಪ್ರತಿ ಮೂರು ಗುರುತಿಗೊಮ್ಮೆ ಮರುಕಳಿಸುತ್ತಿದ್ದರೆ ಅದು ಲ್ಯಾಟಿನ್-1 ಆಗಿ ಓದಿದ ಕನ್ನಡವೇ. ಯುಟಿಎಫ್-8 ಅಂತ ಹೇಳಿದ ರೀಡರ್ ಮೂಲಕ ಓದಿಸಿ.

ಫೈಲ್ ಓದಿದ್ದೇ ಇಲ್ಲ ಎಂದಾದರೆ

ಪ್ರೋಗ್ರಾಂ ಲಿನಕ್ಸ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಟೂಲ್‌ನಲ್ಲಿ ಫೈಲ್ ತೆರೆಯುವ ಕರೆಗಳನ್ನು ಮಾತ್ರ ನೋಡಿದರೆ ಆ್ಯಪ್ ಯಾವ ದಾರಿಯಲ್ಲಿ ಹುಡುಕಿತು ಅಂತ ಸಾಲಾಗಿ ಸಿಗುತ್ತದೆ. ರಿಲೇಟಿವ್ ಪಾತ್ ಅನ್ನುವುದು ಪ್ರೋಗ್ರಾಂ ಇರುವ ಜಾಗದಿಂದಲ್ಲ, ಅದನ್ನು ಓಡಿಸಿದ ಜಾಗದಿಂದ ಲೆಕ್ಕ. ಮ್ಯಾಕ್‌ನಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಕ್ಕೆ ಸಾಮಾನ್ಯವಾಗಿ ಭೇದವಿಲ್ಲ, ಲಿನಕ್ಸ್‌ನಲ್ಲಿ ಇದೆ.

ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್, ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಎರಡೂ ನಿಮ್ಮ ಬ್ಯಾಶ್‌ಆರ್‌ಸಿ ಓದುವುದಿಲ್ಲ. ಸಿಸ್ಟಮ್‌ಡಿಯ ಎನ್ವಿರಾನ್ಮೆಂಟ್‌ಫೈಲ್ ಶೆಲ್ ಸ್ಕ್ರಿಪ್ಟ್ ಅಲ್ಲ, ಅದರಲ್ಲಿ ಎಕ್ಸ್‌ಪೋರ್ಟ್ ಎಂಬ ಪದ ಬರೆದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಸುಡೋ ಕೂಡ ಎನ್ವಿರಾನ್ಮೆಂಟ್‌ನ ಹೆಚ್ಚಿನ ಭಾಗವನ್ನು ಒರೆಸಿಯೇ ಓಡಿಸುತ್ತದೆ. ವೀಟ್ ಮುಂತಾದ ಫ್ರಂಟ್‌ಎಂಡ್ ಟೂಲ್‌ಗಳಲ್ಲಿ ವ್ಯಾಲ್ಯೂ ಬಿಲ್ಡ್ ಆಗುವಾಗಲೇ ಕೋಡ್‌ನೊಳಗೆ ಅಚ್ಚಾಗುತ್ತದೆ. ಸರ್ವರ್‌ನಲ್ಲಿ ಎನ್ವ್ ಬದಲಿಸಿ ಎಷ್ಟು ರೀಸ್ಟಾರ್ಟ್ ಮಾಡಿದರೂ ಬ್ರೌಸರ್‌ಗೆ ಹಳೆಯದೇ ಹೋಗುತ್ತದೆ, ಮತ್ತೆ ಬಿಲ್ಡ್ ಮಾಡಬೇಕು.

ಮುಂದಿನ ಸಲದ ಹುಡುಕಾಟ ಕಡಿಮೆಯಾಗಬೇಕೆಂದರೆ, ಆ್ಯಪ್ ಶುರುವಾಗುವಾಗ ಪ್ರತಿ ಸೆಟ್ಟಿಂಗ್‌ನ ಹೆಸರು, ಅದು ಬಂದ ಮೂಲ, ವ್ಯಾಲ್ಯೂನ ಉದ್ದ, ಈ ಮೂರನ್ನು ಲಾಗ್‌ಗೆ ಬರೆಸಿ. ಉದ್ದ ಯಾಕೆಂದರೆ 12 ಅಕ್ಷರದ ಪಾಸ್‌ವರ್ಡ್ 13 ಅಂತ ಬಂದರೆ ಬಾಲದ ಹೊಸ ಸಾಲು ಅಲ್ಲೇ ಸಿಕ್ಕಿಬೀಳುತ್ತದೆ, ಪಾಸ್‌ವರ್ಡನ್ನು ಲಾಗ್‌ನಲ್ಲಿ ತೋರಿಸುವ ಪ್ರಮೇಯವೇ ಬರುವುದಿಲ್ಲ. ಕಡ್ಡಾಯವಾಗಿ ಬೇಕಾದ ಸೆಟ್ಟಿಂಗ್ ಇಲ್ಲದಿದ್ದರೆ ಆ್ಯಪ್ ಶುರುವಾಗದೇ ನಿಲ್ಲಲಿ. ಡಿಫಾಲ್ಟ್ ಲೋಕಲ್‌ಹೋಸ್ಟ್ ಹಿಡಿದು ಎದ್ದು ನಿಂತು ರಾತ್ರಿ ಎರಡಕ್ಕೆ ಕೈಕೊಡುವುದಕ್ಕಿಂತ ಅದು ಎಷ್ಟೋ ವಾಸಿ.

ಎನ್ವಿರಾನ್ ಫೈಲ್‌ನ ಔಟ್‌ಪುಟ್ಟನ್ನು ಸಹಾಯ ಕೇಳಲು ತಂಡದ ಚಾಟ್‌ಗೆ ಹಾಕುವ ಮುನ್ನ ಒಮ್ಮೆ ಕಣ್ಣಾಡಿಸಿ. ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಕೀ ಎಲ್ಲ ಅದರಲ್ಲೇ ಇರುತ್ತವೆ. ಹಾಕಿಯಾಗಿದ್ದರೆ ಮೆಸೇಜ್ ಅಳಿಸಿದರೆ ಸಾಲದು, ಆ ಕೀಗಳನ್ನೆಲ್ಲ ಅವತ್ತೇ ಬದಲಾಯಿಸಿ.